ಬುಟ್ಟಿಚೆಂಡಿನ ಜಡೇಸ್ವಾಮಿ ಮೇಷ್ಟ್ರು

ಹನೂರಿನ ಜಡೇಸ್ವಾಮಿಯವರು ವ್ಯಾಯಾಮ ಶಿಕ್ಷಣ ಕಲಿಯಲೆಂದು ಮದರಾಸಿಗೆ ಹೋದಾಗ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದಲ್ಲಿತ್ತು. ಕಲಿತು ಮುಗಿಸಿ ಹಾಸನೂರು ಘಾಟಿ ಹತ್ತಿ ವಾಪಸು ಬರುವ ಹೊತ್ತಿಗೆ ಮೈಸೂರು ರಾಜ್ಯಕ್ಕೆ ಸೇರಿಬಿಟ್ಟಿತ್ತು. ಅದು ೧೯೫೬ರ ನವೆಂಬರ್. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ, ಅದರೊಳಗೆ ಒಂದು ಚೆಂಡು. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಚೀಲವನ್ನು ಬೆರಳಿನಿಂದ ಒತ್ತಿ ನೋಡಿದರು.

"ಕುಂಬಳಕಾಯಿ ಇಷ್ಟು ಅಗುರಾಗಿರ್ತದಾ?"

ಜಡೇಸ್ವಾಮಿ ನಕ್ಕು ಚೆಂಡನ್ನು ಹೊರಗೆ ತೆಗೆದು ತೋರಿಸಿದರು. "ಇದ ಮ್ಯಾಕೆ ಎಸೆದು ಬುಟ್ಟಿಗೆ ಆಕೋದು ತಾತ. ಅದೇ ಆಟ."

"ಆಕುದ್ ಮ್ಯಾಲೆ?"

"ಕೆಳಕ್ಕೆ ಬೀಳ್ತದೆ. ಬುಟ್ಟಿಗೆ ತಳ ಇಲ್ಲ."

"ತಳ ಇಲ್ದಿರೋ ಬುಟ್ಟಿಗೆ ಆಕೋದ ಕಲಿಯಕೆ ಮದರಾಸ್‌ಗಂಟ ಓಗಿದ್ದಾ ಮೊಗಾ?" ಎಂದು ಮುದುಕರು ಕೇಳಿದಾಗ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಜಡೇಸ್ವಾಮಿಯೂ ನಕ್ಕರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಯಾರು ನಕ್ಕರೂ ಬೇಜಾರಾಗದ ವಯಸ್ಸು.

ಹನೂರಿನಲ್ಲಿ ಅವರ ತಂದೆಗೆ ಹೊಲವಿತ್ತು, ಊರಿನಲ್ಲಿ ಮರ್ಯಾದೆಯಿತ್ತು. ಮಗ ಹೊಲ ನೋಡಿಕೊಂಡು ಇರಲಿ ಎಂಬುದು ಅವರ ಆಸೆ. ಮಗ ಕೇಳಲಿಲ್ಲ. ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ಸೇರಿಕೊಂಡರು. ಅವರ ಸರ್ಟಿಫಿಕೇಟು ಹಳೆಯ ರಾಜ್ಯದ್ದು, ಹೊಸ ರಾಜ್ಯದಲ್ಲಿ ಅದಕ್ಕೆ ಬೆಲೆ ಉಂಟೋ ಇಲ್ಲವೋ ಎಂದು ಕಚೇರಿಯಿಂದ ಕಚೇರಿಗೆ ಕಾಗದಗಳು ಓಡಾಡುತ್ತಲೇ ಇದ್ದವು. ಆರೇಳು ವರ್ಷ ಅವರು ಹಂಗಾಮಿಯಾಗಿಯೇ ಉಳಿದರು. ಆ ನಡುವೆ ಯಳಂದೂರಿನ ಕಡೆಯ ಶಿವರತ್ನಮ್ಮನನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಅದರ ಮಾತು ಬಂದಾಗಲೆಲ್ಲ ಶಿವರತ್ನಮ್ಮ, "ಮೈದಾನದ್ ತುಂಬ ಐಕಳು ಇದಾರಲ್ಲ, ಇನ್ನೆಷ್ಟು ಬೇಕು?" ಎನ್ನುತ್ತಿದ್ದರು.

ಅರವತ್ತಮೂರರಲ್ಲಿ ಊರಿನ ದೊಡ್ಡ ಮನುಷ್ಯರು ಸೇರಿ ಒಂದು ಕಾಲೇಜು ತೆರೆದರು. ಅದರ ಅಧ್ಯಕ್ಷರು ರುದ್ರಸ್ವಾಮಿ. ನಾಲೆಯ ಕೆಳಗೆ ಬೇಕಾದಷ್ಟು ಗದ್ದೆಯಿದ್ದ ಮನುಷ್ಯ. ಓದಿದ್ದು ಕಡಿಮೆ, ಆದರೆ ಕಾಲೇಜು ಎಂದರೆ ಪ್ರಾಣ. "ನಿಮ್ಮ ಸರ್ಟಿಫಿಕೇಟು ಯಾವ ರಾಜ್ಯದ್ದಾದ್ರೂ ಆಗ್ಲಿ ಮೇಷ್ಟ್ರೇ, ಬಂದು ನಮ್ಮ ಹುಡುಗ್ರನ್ನ ಆಡಿಸಿ" ಎಂದು ಅವರೇ ಬಂದು ಕರೆದರು.

ಅಂಕಣವೆಂಬುದು ಇರಲಿಲ್ಲ. ಕಾಲೇಜಿನ ಹಿಂದೆ ಲಂಟಾನ ಬೆಳೆದಿದ್ದ ಜಾಗವನ್ನು ಜಡೇಸ್ವಾಮಿಯವರೇ ಹುಡುಗರನ್ನು ಕಟ್ಟಿಕೊಂಡು ಸವರಿದರು. ಕೆರೆಮಣ್ಣು ಹಾಕಿ, ನೀರು ಚೆಲ್ಲಿ, ಕಲ್ಲಿನ ಉರುಳೆ ಎಳೆದು ನೆಲ ಗಟ್ಟಿಮಾಡಿದರು. ಕಂಬ ನಿಲ್ಲಿಸಿ, ಕಮ್ಮಾರನ ಕೈಲಿ ಕಬ್ಬಿಣದ ಬಳೆ ಮಾಡಿಸಿ ಹಲಗೆಗೆ ಬಡಿಸಿದರು. ಬಲೆಯನ್ನು ಹೊಳೆಯ ದಡದ ಬೆಸ್ತರು ಹೆಣೆದುಕೊಟ್ಟರು. ಅವರು ಅಭ್ಯಾಸಬಲದಿಂದ ತಳ ಮುಚ್ಚಿಯೇ ಹೆಣೆದಿದ್ದರಿಂದ ಮೊದಲ ದಿನ ಚೆಂಡು ಅದರೊಳಗೇ ಸಿಕ್ಕಿಕೊಂಡಿತು. ಕುಡುಗೋಲು ತಂದು ಕೊಯ್ಯಬೇಕಾಯಿತು.

ಬಂದ ಹುಡುಗರಲ್ಲಿ ಮುಕ್ಕಾಲುಪಾಲು ಹಳ್ಳಿಯವರು. ಬೂಟು ಕಂಡವರಲ್ಲ. ಆದರೆ ಮೈಲಿಗಟ್ಟಲೆ ನಡೆದು ಬೆಳೆದ ಕಾಲುಗಳು. ಜಡೇಸ್ವಾಮಿಯವರಿಗೆ ಅದು ಸಾಕಾಗಿತ್ತು. "ಮೈಸೂರಿನೋರ ತಾವ ಬೂಟಿದೆ, ಸಿಮೆಂಟ್ ನೆಲ ಇದೆ. ನಮ್ಮ ತಾವ ಉಸಿರಿದೆ. ಕೊನೇ ಹತ್ತು ನಿಮಿಷ ಅವರಿಗೆ ಉಸಿರು ಸಾಲಾಕಿಲ್ಲ. ಅಲ್ಲೀಗಂಟ ಬುಡಬ್ಯಾಡಿ, ಹಿಂದೇನೇ ಇರಿ" ಎನ್ನುತ್ತಿದ್ದರು. ಬೆಳಗಿನ ಐದೂವರೆಗೆ ಮೈದಾನದ ಸುತ್ತ ಓಟ. ಯಾರಾದರೂ ಸಾಕಾಯಿತು ಎಂದರೆ ಸೀಟಿ ಊದಿ, "ಇನ್ನೆರಡು ಸುತ್ತು" ಎನ್ನುವುದು ಅವರ ಪದ್ಧತಿ. ಸಾಕಾದ ಮೇಲೆ ಓಡುವ ಎರಡು ಸುತ್ತೇ ಓಟ, ಅದಕ್ಕೆ ಮುಂಚಿನದು ಬರೀ ಮೈ ಬಿಸಿಮಾಡಿಕೊಳ್ಳುವುದು ಎಂದು ಅವರು ನಂಬಿದ್ದರು.

ಮೊದಲ ತಂಡದ ನಾಯಕ ಚೆನ್ನಯ್ಯ. ಗಿಡ್ಡ ಹುಡುಗ, ಮಾತು ಕಡಿಮೆ, ಕಣ್ಣು ಚುರುಕು. ಅರವತ್ತೇಳರಲ್ಲಿ ಮೈಸೂರಿನಲ್ಲಿ ನಡೆದ ಅಂತರ ಕಾಲೇಜು ಪಂದ್ಯಾವಳಿಗೆ ಹತ್ತು ಜನ ಹುಡುಗರು ಬರಿಗಾಲಲ್ಲಿ ಹೋದರು. ಕೊನೆಯ ಪಂದ್ಯದಲ್ಲಿ ಹತ್ತು ನಿಮಿಷ ಉಳಿದಿದ್ದಾಗ ಹನ್ನೊಂದು ಅಂಕ ಹಿಂದೆ ಇದ್ದರು. ಎದುರಾಳಿಗಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲತೊಡಗಿದರು. ಇವರು ಓಡುತ್ತಲೇ ಇದ್ದರು. ಮೂರು ಅಂಕಗಳಿಂದ ಗೆದ್ದು ಬಂದಾಗ ರುದ್ರಸ್ವಾಮಿಯವರು ಊರ ಹೊರಗೇ ಬಸ್ಸು ನಿಲ್ಲಿಸಿ, ವಾಲಗದವರನ್ನು ಕರೆಸಿ, ತಂಡವನ್ನು ಕಾಲೇಜಿನವರೆಗೆ ನಡೆಸಿಕೊಂಡು ಬಂದರು. ಅಂಥ ಗೆಲುವು ಆ ಕಾಲೇಜಿಗೆ ಅದೊಂದೇ. ಆ ದಿನ ತೆಗೆಸಿದ ಫೋಟೋದಲ್ಲಿ ಜಡೇಸ್ವಾಮಿ ಒಂದು ತುದಿಯಲ್ಲಿ, ಕಂಡೂ ಕಾಣದ ಹಾಗೆ ನಿಂತಿದ್ದಾರೆ.

ಮರುವರ್ಷ ಬಿಳಿಗಿರಿ ಬಂದ. ಯಳಂದೂರಿನಿಂದ ಎರಡು ಮೈಲಿ ಆಚೆ, ಬೆಟ್ಟದ ಕೆಳಗಿನ ಒಂದು ಹಳ್ಳಿಯ ಹುಡುಗ. ತಂದೆ ಇರಲಿಲ್ಲ. ತಾಯಿ ಮಾದೇವಮ್ಮ ಒಂದೆಕರೆ ರಾಗಿ ಹೊಲ ಮಾಡಿಕೊಂಡು, ಅವರಿವರ ಕಳೆ ಕಿತ್ತು ಅವನನ್ನು ಕಾಲೇಜಿನವರೆಗೆ ತಂದಿದ್ದಳು. ಹುಡುಗ ಆರಡಿ ಎರಡಂಗುಲ. ಚೆಂಡು ಅವನ ಅಂಗೈಯಲ್ಲಿ ಗಜನಿಂಬೆಯಂತೆ ಕೂರುತ್ತಿತ್ತು. ಹದಿನೈದು ದಿನ ನೋಡಿದ ಮೇಲೆ ಜಡೇಸ್ವಾಮಿ ಮನೆಗೆ ಹೋಗಿ ಹೆಂಡತಿಗೆ, "ಇಂಥವನ ಇನ್ನೊಬ್ಬನ್ನ ನಾನು ಮದರಾಸಲ್ಲೂ ಕಾಣ್ನಿಲ್ಲ" ಎಂದರು. ಅವನು ವಿದ್ಯಾರ್ಥಿನಿಲಯದಲ್ಲಿದ್ದ. ಭಾನುವಾರ ಇವರ ಮನೆಯಲ್ಲಿ ಊಟ. ಶಿವರತ್ನಮ್ಮ ಬಡಿಸುತ್ತಲೇ ಇದ್ದರು, ಅವನು ಉಣ್ಣುತ್ತಲೇ ಇದ್ದ.

ಅರವತ್ತೊಂಬತ್ತರ ಆಗಸ್ಟಿನಲ್ಲಿ, ಪಂದ್ಯಾವಳಿಗೆ ಇನ್ನು ಹತ್ತು ದಿನ ಇದ್ದಾಗ, ಬಿಳಿಗಿರಿ ಎರಡು ದಿನ ಊರಿಗೆ ಹೋದವನು ಮೂರನೆಯ ದಿನ ಬಂದ. ಜಡೇಸ್ವಾಮಿಯವರಿಗೆ ಸಿಟ್ಟು ಬಂದಿತ್ತು. ಉಳಿದವರು ಚೆಂಡು ಹಿಡಿದಿದ್ದಾಗ ಅವನೊಬ್ಬನಿಗೆ ಓಟ ಹಾಕಿದರು. ಎಂಟು ಸುತ್ತು ಆದ ಮೇಲೆ ಅವನು ಅವರ ಹತ್ತಿರ ಬಂದು ನಿಂತ. ಮುಖದಲ್ಲಿ ಬೆವರು ಬೇರೆ ಥರ ಇತ್ತು.

"ಎದೆ ಇಡ್ಕತ್ತಾ ಅದೆ ಸಾ. ನೋಯ್ತಾ ಅದೆ."

"ಎರಡು ದಿನ ತಿಂದು ಮಲಗಿದ್ರೆ ಇಡ್ಕಳದೇ ಇನ್ನೇನು? ನಾಟಕ ಆಡಬ್ಯಾಡ. ಇನ್ನೆರಡು ಸುತ್ತು, ಓಡು."

ಬಿಳಿಗಿರಿ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಓಡಿದ. ಒಂದು ಸುತ್ತು ಮುಗಿಸಿದ. ಎರಡನೆಯದರ ಅರ್ಧದಲ್ಲಿ, ಮೈದಾನದ ಆ ತುದಿಯಲ್ಲಿ, ಕಾಲು ಮಡಿಚಿ ಮುಂದಕ್ಕೆ ಬಿದ್ದ. ಜಡೇಸ್ವಾಮಿ ಓಡಿಹೋಗಿ ಅವನನ್ನು ಹೆಗಲ ಮೇಲೆ ಹಾಕಿಕೊಂಡರು. ಅಷ್ಟು ಎತ್ತರದ ಹುಡುಗ, ಕಾಲುಗಳು ನೆಲಕ್ಕೆ ತಾಗುತ್ತಿದ್ದವು. ಯಾರ ಕೈಗೂ ಕೊಡದೆ ಆಸ್ಪತ್ರೆಯವರೆಗೂ ಹೊತ್ತುಕೊಂಡೇ ಓಡಿದರು. ಅಲ್ಲಿ ಡಾಕ್ಟರು ಕಣ್ಣು ಬಿಡಿಸಿ ನೋಡಿ, ಕೈ ಹಿಡಿದು ನೋಡಿ, ತಲೆಯಾಡಿಸಿದರು. ಎದೆಯಲ್ಲಿ ಹುಟ್ಟಿನಿಂದಲೇ ದೋಷವಿದ್ದಿರಬೇಕು, ಎಂದಿದ್ದರೂ ಆಗಬಹುದಾಗಿತ್ತು ಎಂದರು.

ಎಲ್ಲರೂ ಅದನ್ನೇ ಹೇಳಿದರು. ಹಣೆಬರಹ, ದೇವರು ಕೊಟ್ಟಿದ್ದೇ ಅಷ್ಟು ಆಯಸ್ಸು. ಮಾದೇವಮ್ಮ ಬಂದು ಮಗನ ಮೇಲೆ ಬಿದ್ದು ಅತ್ತು, ಆಮೇಲೆ ಮೇಷ್ಟ್ರ ಬೆವರಿಗೆ ಒದ್ದೆಯಾದ ಅಂಗಿಯನ್ನು ಮುಟ್ಟಿ, "ನೀವು ಒತ್ಕಂಡ್ ಬಂದ್ರಂತಲ್ಲ ಸಾ, ನನ್ ಮಗನ್ನ ನೀವು ಒತ್ಕಂಡ್ ಬಂದ್ರಂತಲ್ಲ" ಎಂದಳು. ಜಡೇಸ್ವಾಮಿ ಆ ಗಳಿಗೆಯಲ್ಲಿ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಹುಡುಗ ತನ್ನ ಹತ್ತಿರ ಬಂದು ಏನು ಹೇಳಿದ, ತಾನೇನು ಹೇಳಿದೆ ಎಂಬುದನ್ನು ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಮಣ್ಣಾಯಿತು, ತಿಥಿಯಾಯಿತು. ಆ ದಿನ ಹೇಳದೆ ಉಳಿದದ್ದು ಮರುದಿನಕ್ಕೆ ಇನ್ನೂ ಕಷ್ಟವಾಯಿತು. ತಿಂಗಳಾದ ಮೇಲೆ ಆಗದ ಮಾತಾಯಿತು. ಹೆಂಡತಿಗೂ ಹೇಳಲಿಲ್ಲ.

ಆದರೆ ವರ್ಷವರ್ಷವೂ ಆ ದಿನ ಬಸ್ಸು ಹಿಡಿದು ಯಳಂದೂರಿಗೆ ಹೋಗಿ, ಅಲ್ಲಿಂದ ನಡೆದು ಮಾದೇವಮ್ಮನ ಮನೆಗೆ ಹೋಗುತ್ತಿದ್ದರು. ಅವಳು ರಾಗಿರೊಟ್ಟಿ ಸುಟ್ಟು ಹುಚ್ಚೆಳ್ಳಿನ ಚಟ್ನಿ ಹಾಕಿಕೊಡುತ್ತಿದ್ದಳು. ಮಗನ ಗುರುಗಳು ಬಂದಿದ್ದಾರೆ ಎಂದು ನೆರೆಮನೆಯವರನ್ನು ಕರೆದು ತೋರಿಸುತ್ತಿದ್ದಳು. ಆ ರೊಟ್ಟಿಯನ್ನು ಅವರು ಹೇಗೆ ನುಂಗುತ್ತಿದ್ದರೋ ಅವರಿಗೇ ಗೊತ್ತು.

ಅಲ್ಲಿಂದೀಚೆಗೆ ಅವರ ತಂಡ ಗೆಲ್ಲಲಿಲ್ಲ. ಬೆಳಗಿನ ಓಟ ನಾಲ್ಕು ಸುತ್ತಿಗೆ ಇಳಿಯಿತು, ಆಮೇಲೆ ಎರಡಕ್ಕೆ. ಹುಡುಗ ಕೆಮ್ಮಿದರೆ ಕೂರಿಸುತ್ತಿದ್ದರು. ಏದುಸಿರು ಬಿಟ್ಟರೆ ಹತ್ತಿರ ಹೋಗಿ ಎದೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಪಂದ್ಯದ ನಡುವೆ, ಚೆನ್ನಾಗಿ ಆಡುತ್ತಿರುವವನನ್ನೇ ಹೊರಗೆ ಕರೆದು ನೀರು ಕೊಟ್ಟು, "ಸ್ವಲ್ಪ ಕೂತ್ಕ" ಎನ್ನುತ್ತಿದ್ದರು. ಹುಡುಗರು ಒದರಾಡುತ್ತಿದ್ದರು. ಮೊದಲರ್ಧದಲ್ಲಿ ಮುಂದಿದ್ದ ತಂಡ ಕೊನೆಯ ಹತ್ತು ನಿಮಿಷದಲ್ಲಿ ಕುಸಿಯುತ್ತಿತ್ತು. ಎಪ್ಪತ್ತೆರಡರಲ್ಲಿ ಆಡಿದ ಒಂಬತ್ತು ಪಂದ್ಯಗಳನ್ನೂ ಸೋತರು.

ಎಪ್ಪತ್ತಮೂರರ ಜನವರಿಯಲ್ಲಿ ಹನ್ನೆರಡು ಜನ ಆಟಗಾರರು ಸಹಿ ಮಾಡಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟರು. ಬೇರೆ ತರಬೇತುದಾರರು ಬೇಕು. ಜಡೇಸ್ವಾಮಿಯವರು ನಮ್ಮನ್ನು ಆಡಲು ಬಿಡುವುದಿಲ್ಲ. ಅಷ್ಟೇ ಇದ್ದದ್ದು ಅದರಲ್ಲಿ. ಕ್ರೀಡಾ ಸಮಿತಿಯ ಸಭೆ ಫೆಬ್ರವರಿಗೆ ಗೊತ್ತಾಯಿತು. ಆ ಸಮಿತಿಯ ಕಾರ್ಯದರ್ಶಿ ಚೆನ್ನಯ್ಯ. ಅವನೇ ಹಳೆಯ ನಾಯಕ, ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ.

ಸಭೆಗೆ ಮುಂಚಿನ ಭಾನುವಾರ ಚೆನ್ನಯ್ಯ ಮನೆಗೆ ಬಂದ. ಶಿವರತ್ನಮ್ಮ ಕಾಫಿ ಕೊಟ್ಟರು. ಅವನು ಲೋಟ ಹಿಡಿದುಕೊಂಡೇ ಕೂತಿದ್ದ, ಕುಡಿಯಲಿಲ್ಲ.

"ಸಾ, ಹಿಂದಿನಿಂದ ಮಾತಾಡೋಕೆ ನಂಗೆ ಆಗಾಕಿಲ್ಲ. ಸಭೇಲಿ ನಾನು ನಿಮ್ಮನ್ನ ಬದಲಾಯಿಸ್ಬೇಕು ಅಂತ ಹೇಳೋನೇ. ಅದಕ್ಕೆ ನಿಮ್ಮ ಮುಂದೆ ಮೊದ್ಲು ಹೇಳ್ತೀನಿ."

ಒಳಗಿನಿಂದ ಶಿವರತ್ನಮ್ಮ ಬಾಗಿಲಿಗೆ ಬಂದರು. "ಏನಪ್ಪಾ ಚೆನ್ನಯ್ಯ, ಈ ಮನೇಲಿ ಉಂಡೋನು ನೀನು."

"ಹೂಂ ಕಣವ್ವ. ಅದಕ್ಕೇ ಬಂದೆ."

ಜಡೇಸ್ವಾಮಿ ಹೆಂಡತಿಗೆ ಕೈಸನ್ನೆ ಮಾಡಿದರು. "ಹೇಳ್ಲಿ ಬುಡು. ನೀ ಹೇಳ್ಲಾ ಚೆನ್ನಯ್ಯ."

"ನೀವು ನಮಗೆ ಏನು ಕಲಿಸಿದ್ರೋ ಅದನ್ನ ಈ ಹುಡುಗ್ರಿಗೆ ಕಲಿಸ್ತಿಲ್ಲ ಸಾ. ಬಿಳಿಗಿರಿ ಹೋದ ಮೇಲೆ ನೀವು ಹೆದರಿಕೊಂಡ್ರಿ. ಎಲ್ಲರಿಗೂ ಗೊತ್ತು, ಯಾರೂ ಹೇಳ್ತಿಲ್ಲ. ತಪ್ಪು ನಿಮ್ಮದಲ್ಲ, ಅವನ ಎದೇಲಿ ದೋಷ ಇತ್ತು. ಆದ್ರೆ ನಾಲ್ಕು ವರ್ಷ ಆಯ್ತು. ಹಳ್ಳಿಯಿಂದ ಬಂದ ಹುಡುಗ್ರು, ಇದೊಂದ್ ಆಟ ಅವರಿಗೆ ಗರ್ವ. ಹೋದಲ್ಲೆಲ್ಲ ನಗೆಪಾಟ್ಲಾಗಿ ಬತ್ತಾ ಅವರೆ."

ತಪ್ಪು ನಿಮ್ಮದಲ್ಲ ಎಂಬ ಮಾತು ಜಡೇಸ್ವಾಮಿಯವರ ಕಿವಿಯಲ್ಲಿ ಕೂತುಬಿಟ್ಟಿತು. ಉಳಿದದ್ದು ಯಾವುದೂ ಅವರಿಗೆ ನೋವು ಮಾಡಲಿಲ್ಲ. ಚೆನ್ನಯ್ಯ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಾನೇ ಹೊರಗೆ ನಿಂತು ನೋಡಿದ್ದರೆ ಇದನ್ನೇ ಹೇಳುತ್ತಿದ್ದೆ ಎನಿಸಿತು. ಆದರೂ ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಆ ಅಂಕಣ ಬಿಟ್ಟರೆ ತನಗೆ ಇನ್ನೇನಿದೆ ಎಂದು ನಲವತ್ತೊಂದು ವರ್ಷದ ಮನುಷ್ಯ ಮಗುವಿನ ಹಾಗೆ ಹೆದರಿದರು.

"ಕಾಫಿ ಆರಿಹೋಯ್ತದೆ, ಕುಡಿ" ಎಂದಷ್ಟೇ ಹೇಳಿದರು.

ಸಭೆ ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿತು. ರುದ್ರಸ್ವಾಮಿಯವರು ಅಧ್ಯಕ್ಷರ ಕುರ್ಚಿಯಲ್ಲಿ, ಸುತ್ತ ನಾಲ್ಕೈದು ಜನ ಸದಸ್ಯರು. ಜಡೇಸ್ವಾಮಿಯವರನ್ನೂ ಕರೆಸಿದ್ದರು. ಚೆನ್ನಯ್ಯ ಎದ್ದು ನಿಂತು, ದನಿ ಎತ್ತರಿಸದೆ, ಒಂದೊಂದು ಪಂದ್ಯವೂ ಹೇಗೆ ಕೈಬಿಟ್ಟುಹೋಯಿತು ಎಂದು ಹೇಳಿದ. ಪಟಿಯಾಲದ ಕ್ರೀಡಾ ಸಂಸ್ಥೆಯಲ್ಲಿ ತರಬೇತಾದ ಒಬ್ಬ ತರುಣ ಬರಲು ಸಿದ್ಧನಿದ್ದಾನೆ ಎಂದ. ಹೇಳುವಾಗ ಮೇಷ್ಟ್ರ ಕಡೆ ಒಮ್ಮೆಯೂ ನೋಡಲಿಲ್ಲ.

ಸದಸ್ಯರಲ್ಲಿ ಕೆಲವರು ಹೌದೆಂದರು, ಕೆಲವರು ಅಂಕಣ ಕಟ್ಟಿದವರನ್ನೇ ಅಂಕಣದಿಂದ ಇಳಿಸುವುದು ಹೇಗೆ ಎಂದರು. ರುದ್ರಸ್ವಾಮಿ ಮೀಸೆ ತಿರುವುತ್ತ ಯಾವ ಕಡೆಗೂ ಹೇಳದೆ ಕೂತಿದ್ದರು. ಅಷ್ಟರಲ್ಲಿ ಜವಾನ ಬಂದು, ಹೊರಗೆ ಒಬ್ಬ ಹೆಂಗಸು ಬಂದಿದ್ದಾಳೆ, ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದಾಳೆ, ಮೇಷ್ಟ್ರ ವಿಷಯ ಮಾತಾಡಬೇಕಂತೆ ಎಂದ.

ಮಾದೇವಮ್ಮ ಒಳಗೆ ಬಂದಳು. ಅವಳ ಹಳ್ಳಿಯಿಂದ ಕಾಲೇಜಿಗೆ ಬರುತ್ತಿದ್ದ ಹುಡುಗರು ಸುದ್ದಿ ಮುಟ್ಟಿಸಿದ್ದರು. ಕಂಕುಳಲ್ಲಿ ಅವರೆಕಾಯಿಯ ಒಂದು ಗಂಟು. ಬಾಗಿಲ ಬಳಿಯೇ ನಿಂತು ಕೈಮುಗಿದಳು.

"ಬುದ್ಧೀ, ನಿಮ್ಮ ಆಟ ಪಾಟ ನಂಗ್ ಗೊತ್ತಿಲ್ಲ. ಈ ಮೇಷ್ಟ್ರ ಕೆಲ್ಸ ತಗಿತೀರಿ ಅಂತ ಐಕಳು ಏಳುದ್ರು. ನನ್ ಮಗ ಬಿದ್ದಾಗ ಎಗಲ್ ಮ್ಯಾಲ್ ಆಕಂಡ್ ಓಡ್ದೋರು ಇವ್ರು. ವರ್ಸ ವರ್ಸ ಅವನ ದಿನಕ್ಕೆ ಬತ್ತರೆ. ನನ್ ಒಡುಟ್ಟಿದೋರು ಬರಾಕಿಲ್ಲ, ಇವ್ರು ಬತ್ತರೆ. ಇವ್ರನ್ನ ಕಳುಸ್ಬುಟ್ರೆ ಈ ಕಾಲೇಜಲ್ಲಿ ನನ್ ಮಗನ ಎಸ್ರು ಏಳೋರು ಯಾರವ್ರೆ? ಇವ್ರು ನಿಂತಿರೋಗಂಟ ಅವ್ನೂ ಅಲ್ಲೇ ಎಲ್ಲೋ ಆಡ್ತಾವ್ನೆ ಅನ್ಕತ್ತೀನಿ."

ರುದ್ರಸ್ವಾಮಿ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. "ಆಯ್ತು ತಾಯಿ. ನೀನು ಇಷ್ಟು ದೂರ ಬಂದು ಕೇಳಿದ ಮೇಲೆ ಇನ್ನೇನು? ಮೇಷ್ಟ್ರು ಎಲ್ಲಿಗೂ ಹೋಗಾಕಿಲ್ಲ. ಚೆನ್ನಯ್ಯನೋರೇ, ಬರ್ಕಳಿ. ಜಡೇಸ್ವಾಮಿಯವರೇ ಮುಂದುವರಿತಾರೆ."

ಚೆನ್ನಯ್ಯ ತಲೆತಗ್ಗಿಸಿ ಪೆನ್ನು ತೆಗೆದ. ಅವನ ಮುಖದಲ್ಲಿ ಸೋಲಿನ ಜೊತೆಗೆ ಒಂದು ನೆಮ್ಮದಿಯೂ ಇತ್ತು.

ಜಡೇಸ್ವಾಮಿ ಎದ್ದು ನಿಂತರು. ಅವರು ಗೆದ್ದಿದ್ದರು. ಒಂದು ಸಲ ಕೈಮುಗಿದು ಹೊರಗೆ ಹೋಗಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು ಅವರನ್ನು ನೋಡಿ ಒಂದಿಷ್ಟು ನಕ್ಕಳು, ಬಿಳಿಗಿರಿ ನಗುತ್ತಿದ್ದ ಹಾಗೆಯೇ. ಅದನ್ನು ಅವರಿಗೆ ತಡೆಯಲಾಗಲಿಲ್ಲ.

"ಅವನು ನಂಗೆ ಹೇಳಿದ್ದ ತಾಯಿ" ಎಂದರು. "ಎದೆ ಇಡ್ಕತ್ತಾ ಅದೆ ಸಾ ಅಂತ ಬಂದು ನನ್ನ ಮುಂದೆ ನಿಂತ್ಕಂಡು ಹೇಳ್ದ. ನಾನು ಕೇಳ್ನಿಲ್ಲ. ನಾಟಕ ಆಡಬ್ಯಾಡ ಅಂದೆ. ಇನ್ನೆರಡು ಸುತ್ತು ಓಡು ಅಂದೆ. ಓಡ್ದ. ಎರಡನೇದು ಮುಗೀನಿಲ್ಲ."

ಮಾದೇವಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಬಾಯ್ಬುಟ್ಟು ಏಳಿದ್ನಾ ಸಾ?"

"ಹೂಂ."

"ನೋಯ್ತದೆ ಅಂದ್ನಾ?"

"ಅಂದ ತಾಯಿ."

"ಅವ ನೋವು ಅಂತ ಯಾವತ್ತೂ ಅಂದೋನಲ್ಲ ಸಾ. ಚಿಕ್ಕೋನಾಗಿದ್ದಾಗ ಕಾಲ್ಗೆ ಬಿದಿರ್ ಮುಳ್ಳು ಓಗಿ ಕೀವಾಗಿತ್ತು. ನಾನಾಗೇ ನೋಡೋಗಂಟ ಏಳ್ನಿಲ್ಲ. ನಂಗೂ ಏಳ್ನಿಲ್ಲ." ಅವಳು ಸೆರಗನ್ನು ಹೆಗಲಿಗೆ ಎಳೆದುಕೊಂಡಳು. "ನಿಮ್ಗೆ ಏಳ್ದ."

ಯಾರೋ ಕುರ್ಚಿ ಎಳೆದು ಕೂರು ತಾಯಿ ಎಂದರು. ಅವಳು ಕೂರಲಿಲ್ಲ. ಬಾಗಿಲ ಬಳಿ ಇಳಿಸಿದ್ದ ಅವರೆಕಾಯಿಯ ಗಂಟನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಅದನ್ನು ಅವಳು ತಂದದ್ದು ಮೇಷ್ಟ್ರಿಗೆಂದೇ. ಯಾರಿಗೂ ಕೈಮುಗಿಯದೆ ಮೆಟ್ಟಿಲಿಳಿದು ಹೋದಳು. ಕಿಟಕಿಯಿಂದ ನೋಡಿದರೆ ಅಂಕಣದ ಪಕ್ಕದಲ್ಲಿ ಹಾದು, ಅತ್ತ ತಿರುಗಿಯೂ ನೋಡದೆ, ಗೇಟಿನ ಕಡೆ ನಡೆಯುತ್ತಿದ್ದದ್ದು ಕಾಣಿಸಿತು.

ಜಡೇಸ್ವಾಮಿ ಅಲ್ಲೇ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ರಾಜೀನಾಮೆ ಬರೆದರು. ನಾಲ್ಕು ಸಾಲು. ಕೊನೆಯ ಸಾಲಿನಲ್ಲಿ, ಇನ್ನು ಮುಂದೆ ಯಾವ ಹುಡುಗನನ್ನೂ ಡಾಕ್ಟರು ಎದೆ ಪರೀಕ್ಷೆ ಮಾಡದೆ ಅಂಕಣಕ್ಕೆ ಇಳಿಸಬಾರದು ಎಂದು ಕೇಳಿಕೊಂಡಿದ್ದರು. ರುದ್ರಸ್ವಾಮಿ ಅದನ್ನು ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಕಾಗದದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತರು.

ಹೊರಟ ಮೇಷ್ಟ್ರ ಹಿಂದೆ ಚೆನ್ನಯ್ಯ ಗೇಟಿನವರೆಗೆ ಓಡಿಬಂದ. "ಯಾಕ್ ಸಾ ಹೇಳಿದ್ರಿ? ನಾನು ಸೋತಿದ್ದೆ. ಎಲ್ಲ ಮುಗಿದಿತ್ತಲ್ಲ ಸಾ."

"ನೀನು ಹೇಳಿದ್ದು ಸರಿಯಾಗಿತ್ತು ಕಣ್ಲಾ. ಸರಿಯಾಗಿರೋದು ಸೋಲಬಾರ್ದು" ಎಂದು ಜಡೇಸ್ವಾಮಿ ಹೇಳಿದರು. ಚೆನ್ನಯ್ಯ ಅವರ ತೋಳು ಹಿಡಿದುಕೊಂಡ. ಇಬ್ಬರೂ ರಸ್ತೆಯ ಪಕ್ಕದಲ್ಲಿ ಹಾಗೇ ನಿಂತಿದ್ದರು. ಹೋಗಿ ಬರುವವರು ನೋಡಿಕೊಂಡು ಹೋದರು.

ಆ ಸಂಜೆ ಶಿವರತ್ನಮ್ಮನಿಗೆ ಎಲ್ಲವನ್ನೂ ಹೇಳಿದರು. ಅವರು ಕೇಳಿ ಮುಗಿಸಿ, "ಅವ ಈ ಮನೇಲಿ ನನ್ ಕೈಯಾರ ಉಂಡೋನು. ನಂಗಾದ್ರೂ ಹೇಳ್ಬಾರ್ದಾಗಿತ್ತಾ ನೀವು, ನಾಕ್ ವರ್ಸ?" ಎಂದರು. ಆಮೇಲೆ ಎರಡು ದಿನ ಆ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಶಿವರತ್ನಮ್ಮನೇ ಪಾತ್ರೆಗಳನ್ನು ಮೂಟೆ ಕಟ್ಟಲು ಶುರುಮಾಡಿದರು. ಯುಗಾದಿಯ ಹೊತ್ತಿಗೆ ಹನೂರಿಗೆ ಹೋಗಿ ನೆಲೆಯಾದರು.

ಆಗಸ್ಟಿನಲ್ಲಿ ಆ ದಿನ ಬಂತು. ಹೋಗಬೇಡಿ ಎಂದು ಶಿವರತ್ನಮ್ಮ ಹೇಳಿದರು. ಜಡೇಸ್ವಾಮಿ ಹೋದರು. ಮಾದೇವಮ್ಮ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಅವರನ್ನು ಕಂಡು ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಜಗಲಿಯ ಮೇಲಿಟ್ಟಳು. ಬಾಗಿಲು ಎಳೆದುಕೊಂಡು ಈಚೆಗೆ ನಿಂತಳು. ಅವರು ನೀರು ಕುಡಿದರು.

"ಸಾ, ನಾನು ನಿಮ್ಗೆ ಶಾಪ ಆಕ್ನಿಲ್ಲ" ಎಂದಳು. "ಆಕಾಕೆ ಬಾಯಿ ಬರಾಕಿಲ್ಲ. ಆದ್ರೆ ಇನ್ ಬರಬ್ಯಾಡಿ. ಮೊದ್ಲು ನೀವು ಬಂದ್ರೆ ಅವ ನಿಮ್ ಎಗಲ್ ಮ್ಯಾಲ್ ಮಲ್ಗಿದ್ದದ್ದು ಕಾಣ್ತಿತ್ತು. ಈಗ ಓಡ್ತಾನೆ ಸಾ. ಎದೆ ಇಡ್ಕಂಡು ಓಡ್ತಾನೆ. ನಾನು ನಿಲ್ಸಾಕಾಯ್ತಿಲ್ಲ."

"ಆಯ್ತು ತಾಯಿ" ಎಂದು ಜಡೇಸ್ವಾಮಿ ಚೊಂಬನ್ನು ಜಗಲಿಯ ಮೇಲಿಟ್ಟು ಹೊರಟರು. ಆಮೇಲೆ ಅವರು ಆ ಹಳ್ಳಿಗೆ ಹೋಗಲಿಲ್ಲ. ಆ ದಿನ ಬಂದಾಗ ಹೊಲದಲ್ಲಿ ಕತ್ತಲಾಗುವವರೆಗೆ ಕೆಲಸ ಮಾಡಿ, ಮನೆಗೆ ಬಂದು ಊಟ ಬೇಡವೆಂದು ಮಲಗುತ್ತಿದ್ದರು. ಶಿವರತ್ನಮ್ಮ ಬಲವಂತ ಮಾಡುತ್ತಿರಲಿಲ್ಲ.

ಕಾಲೇಜಿಗೆ ಪಟಿಯಾಲದ ತರುಣ ಬಂದ. ಮೊದಲ ವರ್ಷ ನಾಲ್ಕು ಪಂದ್ಯ ಗೆದ್ದರು. ಎಪ್ಪತ್ತಾರರ ಕೊನೆಯಲ್ಲಿ ಫೈನಲ್ಲಿನವರೆಗೂ ಹೋಗಿ ಎರಡು ಅಂಕದಲ್ಲಿ ಸೋತರು. ಚೆನ್ನಯ್ಯ ಆ ಸುದ್ದಿ ಹೇಳಲೆಂದೇ ಹನೂರಿಗೆ ಬಂದ. ಜಡೇಸ್ವಾಮಿ ಕಣದಲ್ಲಿ ರಾಗಿ ತೂರುತ್ತಿದ್ದರು. ಮೊರ ಕೆಳಗಿಟ್ಟು, ಮಣ್ಣಿನ ಮೇಲೆ ಕಡ್ಡಿಯಿಂದ ಅಂಕಣ ಗೀಚಿ, ಯಾರು ಎಲ್ಲಿ ನಿಂತಿದ್ದರು, ಕೊನೆಯ ಚೆಂಡು ಯಾರ ಕೈಲಿತ್ತು ಎಂದು ಒಂದೊಂದಾಗಿ ಕೇಳಿದರು. ಒಬ್ಬೊಬ್ಬ ಹುಡುಗನ ಊರು ಯಾವುದು ಎಂದೂ ಕೇಳಿದರು. ಎಷ್ಟೋ ವರ್ಷಗಳ ಮೇಲೆ ಅವರ ಮುಖದಲ್ಲಿ ಹಳೆಯ ಬಿಸಿ ಕಂಡು ಚೆನ್ನಯ್ಯನಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಇನ್ನೊಂದು ಸುದ್ದಿ ಹೇಳುವುದೋ ಬೇಡವೋ ಎಂದು ತಡವರಿಸಿದ. ಹೊರಡುವಾಗ ಹೇಳಿದ.

"ಮಾದೇವಮ್ಮ ತೀರ್ಕಂಡ್ರು ಸಾ. ಹದಿನೈದು ದಿನ ಆಯ್ತು. ಜ್ವರ ಬಂದಿತ್ತಂತೆ. ಮಗನ ಪಕ್ಕದಲ್ಲೇ ಮಣ್ಣು ಮಾಡವ್ರೆ."

ಜಡೇಸ್ವಾಮಿ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು.

"ಹೋಗೋ ಮುಂಚೆ ಏನಾದ್ರೂ ಅಂದ್ಲಾ?"

"ನಾನು ಒಂದ್ಸಲ ಹೋಗಿದ್ದೆ ಸಾ, ಜ್ವರ ಬರೋ ಮೊದ್ಲು. ಎದೆ ಪರೀಕ್ಷೆ ಈಗ ಎಲ್ಲ ಹುಡುಗ್ರಿಗೂ ಮಾಡಿಸ್ತೀವಿ, ಮೇಷ್ಟ್ರೇ ಬರೆದಿಟ್ಟು ಹೋದ್ರು ಅಂತ ಹೇಳ್ದೆ. ಒಳ್ಳೇದಾಯ್ತು, ಐಕಳು ಚೆನ್ನಾಗಿರ್ಲಿ ಅಂದ್ರು."

"ನನ್ನ ವಿಷಯ?"

ಚೆನ್ನಯ್ಯ ಸುಳ್ಳು ಹೇಳಬಹುದಾಗಿತ್ತು. "ಇಲ್ಲ ಸಾ, ಕೇಳ್ನಿಲ್ಲ" ಎಂದ.

ಮರುದಿನ ಜಡೇಸ್ವಾಮಿ ಬೆಳಗಿನ ಬಸ್ಸಿಗೆ ಹೊರಟರು. ಎರಡು ಸಮಾಧಿಗೂ ಹೂವು ಹಾಕಿ ಬರೋಣವೆಂದು ಒಂದು ಮೊಳ ಸೇವಂತಿಗೆ ತೆಗೆದುಕೊಂಡಿದ್ದರು. ಕೊಳ್ಳೇಗಾಲದಲ್ಲಿ ಇಳಿದು ಯಳಂದೂರಿನ ಬಸ್ಸು ನಿಲ್ಲುವ ಕಡೆ ನಿಂತರು. ಬಸ್ಸು ಬಂತು. ಜನ ಹತ್ತಿದರು. ಕಂಡಕ್ಟರು ಇವರ ಕೈಯಲ್ಲಿದ್ದ ಹೂವು ನೋಡಿ, "ಬತ್ತೀರಾ ಯಜಮಾನ್ರೇ? ಸೀಟು ಅದೆ" ಎಂದು ಕೇಳಿದ. ಜಡೇಸ್ವಾಮಿ ಒಂದು ಕಾಲನ್ನು ಮೆಟ್ಟಿಲಿನ ಮೇಲಿಟ್ಟರು. ಬರಬ್ಯಾಡಿ ಎಂದವಳು ಬದುಕಿದ್ದಿದ್ದರೆ ಎಂದಾದರೂ ಬನ್ನಿ ಎನ್ನುತ್ತಿದ್ದಳೋ ಏನೋ. ಇನ್ನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

"ಇಲ್ಲಪ್ಪ, ನೀನು ಓಗು" ಎಂದು ಕಾಲು ತೆಗೆದರು.

ಬಸ್ಸು ಹೋದ ಮೇಲೆ ಬಹಳ ಹೊತ್ತು ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಸಂಜೆಯ ಬಸ್ಸಿಗೆ ಹನೂರಿಗೆ ಬಂದು, ಬಾಡಿಹೋಗಿದ್ದ ಹೂವನ್ನು ಶಿವರತ್ನಮ್ಮನ ಕೈಗೆ ಕೊಟ್ಟರು. ಶಿವರತ್ನಮ್ಮ ಏನೂ ಕೇಳದೆ ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು. ಜಡೇಸ್ವಾಮಿ ಜಗಲಿಯ ಮೇಲೆ ಕೂತು ಚಪ್ಪಲಿ ಬಿಚ್ಚತೊಡಗಿದರು. ಒಂದನ್ನು ಬಿಚ್ಚಿ ಇನ್ನೊಂದನ್ನು ಬಿಚ್ಚಲಾಗದೆ ಹಾಗೆಯೇ ಮುಖ ಮುಚ್ಚಿಕೊಂಡರು.